ಹಿಟ್ಟಿನ ಭಾರಕ್ಕೆ ಕುಳಿತ ಕಾರು

ಡೊಂಬಿವಲಿಯ ನಮ್ಮ ಹೋಟೆಲಿಗೆ ದೋಸೆಹಿಟ್ಟು ತರುವುದು ನನ್ನ ಹಳೇ ಕಾರಿನಲ್ಲೇ. ಮೊನ್ನೆ ಬೆಳಿಗ್ಗೆ ಮಹಾಪೆ ಸಿಗ್ನಲ್ಲಿನಲ್ಲಿ, ಶೋಕಿಗಾಗಿ ನೆಲಕ್ಕೆ ತಾಗುವಷ್ಟು ತಗ್ಗಿಸಿದ ಕೆಂಪು ಕಾರೊಂದು ಪಕ್ಕಕ್ಕೆ ಬಂತು. ಅದರಲ್ಲಿದ್ದ ಯುವಕ ನನ್ನ ಕಾರಿನ ಹಿಂಭಾಗವನ್ನೇ ನೋಡಿ, "ಅಂಕಲ್, ಕ್ಯಾ ಮಸ್ತ್ ಬೈಠೀ ಹೈ ಗಾಡಿ!" ಎಂದು, ಗಾಡಿ ಕೂತ ಚೆಂದವನ್ನು ಮೆಚ್ಚಿದ. ಇಷ್ಟು ಚೆನ್ನಾಗಿ ತಗ್ಗಿಸಿಕೊಟ್ಟವರು ಯಾರು ಅಂತ ಕೇಳಿದ. ಈ ಕಾರನ್ನು ಇದುವರೆಗೆ ಹೊಗಳಿದವ ಅವನೊಬ್ಬನೇ. ಡಿಕ್ಕಿಯಲ್ಲಿ ನಾಲ್ಕು ಡ್ರಮ್ ಹಿಟ್ಟಿದೆ ಎನ್ನಲು ಬಾಯಿ ಬರಲಿಲ್ಲ. "ನಾನೇ ಮಾಡಿದ್ದು" ಎಂದು ಹೋಟೆಲಿನ ವಿಳಾಸವನ್ನೂ ಕೊಟ್ಟೆ.

ಸಂಜೆ ಆ ಯುವಕನದೂ ಸೇರಿ ಅಂಥವೇ ಐದು ಕಾರು ಬಂದು ನಿಂತವು. ಹಿಟ್ಟು ಇಳಿಸಿಯಾಗಿತ್ತು, ನನ್ನ ಕಾರು ಬೆನ್ನೆತ್ತಿ ನಿಂತಿತ್ತು. ಎಲ್ಲರೂ ಪೆಚ್ಚಾದಾಗ ವಿಧಿಯಿಲ್ಲದೆ ನಿಜ ಹೇಳಿದೆ. ಬಿದ್ದು ಬಿದ್ದು ನಕ್ಕು, ತಲಾ ಮೂರು ದೋಸೆ ತಿಂದರು. ಹೊರಡುವಾಗ, ಬರುವಾಗ ತಾಗದಿದ್ದ ಗೇಟಿನ ಸ್ಪೀಡ್ ಬ್ರೇಕರಿಗೆ ಐದೂ ಕಾರುಗಳ ಹೊಟ್ಟೆ ಉಜ್ಜಿತು. ನನ್ನ ಡಿಕ್ಕಿಯಲ್ಲಿದ್ದ ಹಿಟ್ಟು ಈಗ ಅವರ ಗಾಡಿಯಲ್ಲಿತ್ತಲ್ಲ!