ಬಾರುಕೋಲಿನಂತೆ ಬೀಸಿದ ಕೈ

ಸೇನೆಯ ಬ್ಯಾಂಡಿನಿಂದ ನಿವೃತ್ತನಾದ ಮೇಲೆ ನಾನು ಬನಹಟ್ಟಿಯ ಕಾಲೇಜೊಂದರಲ್ಲಿ ಡ್ರಮ್ ಕಲಿಸುತ್ತಿದ್ದೇನೆ. ಇದು ಕಳೆದ ವರ್ಷದ ಮಾತು. ಚಿಮ್ಮಡದಿಂದ ಬಸ್ಸಿಗೆ ಬರುತ್ತಿದ್ದ ರೇಣುಕಾ ನಮ್ಮ ಕಾಲೇಜು ಬ್ಯಾಂಡಿನ ಮುಖ್ಯ ಸೈಡ್ ಡ್ರಮ್ಮರ್; ಸೊಂಟಕ್ಕೆ ಕಟ್ಟಿ ಎರಡು ಕೋಲಿನಿಂದ ಬಾರಿಸುವ ಡ್ರಮ್ ಅವಳದು. ಕುರಿ ಸಾಕುವ ಮನೆತನದ ಹುಡುಗಿ. ಪೊಲೀಸ್ ಬ್ಯಾಂಡಿನ ಆಯ್ಕೆಗೆ ಅರ್ಜಿ ಹಾಕಿದ್ದಳು. ವಾದನ ಪರೀಕ್ಷೆ ಹತ್ತಿರ ಬಂದಾಗ ಅವಳ ಬಲ ಮಣಿಕಟ್ಟು ಬಾತುಕೊಂಡಿತು.

ಜಮಖಂಡಿಯ ಡಾಕ್ಟರು ಒಂದು ವಾರ ವಿಶ್ರಾಂತಿ ಹೇಳಿ, ಹೀಗೆಯೇ ಹೊಡೆಯುತ್ತಿದ್ದರೆ ನೋವು ಮತ್ತೆ ಬರುತ್ತದೆ ಎಂದರು. ಅವಳ ತಂದೆ ನನ್ನ ಬಳಿ ಬಂದರು.

"ಸರ್ರ, ಕೈ ಕಳಕೊಂಡು ನೌಕರಿ ತಗೊಳ್ಳೂದು ಬ್ಯಾಡ್ರಿ. ಬಿಡಿಸಿಬಿಡ್ರಿ."

"ಡ್ರಮ್ ಬಿಡಿಸೂದಿಲ್ಲ, ಹೊಡಿಯೂ ರೀತಿ ಬಿಡಸ್ತೇನಿ. ನೋವು ಬಂದ್ರ ನಾನ ನಿಲ್ಲಸ್ತೇನಿ," ಎಂದೆ. ಅವರು ಒಲ್ಲದ ಮನಸ್ಸಿನಿಂದ ಒಪ್ಪಿದರು. ವಿಶ್ರಾಂತಿಯ ವಾರ ಮುಗಿದ ಮೇಲೆ ಅಭ್ಯಾಸ ಶುರುವಾಯಿತು.

ಡ್ರಮ್ಮಿನ ಮೂಲಪಾಠಗಳಿಗೆ ರೂಡಿಮೆಂಟ್ ಎನ್ನುತ್ತಾರೆ. ಪ್ಯಾರಾಡಿಡಲ್ ಅವುಗಳಲ್ಲೊಂದು: ಬಲ, ಎಡ, ಬಲ, ಬಲ, ಎಡ, ಬಲ, ಎಡ, ಎಡ. ಪ್ರತಿ ನಾಲ್ಕರ ಮೊದಲ ಪೆಟ್ಟಿಗೆ ಒತ್ತು. ರೇಣುಕಾ ಪ್ರತಿ ಪೆಟ್ಟನ್ನೂ ಮಣಿಕಟ್ಟನ್ನು ಬಿಗಿಹಿಡಿದೇ ಹೊಡೆಯುತ್ತಿದ್ದಳು. ಬಾರುಕೋಲು ಬೀಸುವಾಗ ಮೊದಲು ತೋಳು ಹೋಗುತ್ತದೆ, ತುದಿ ತಡವಾಗಿ ಬಂದು ಬಡಿಯುತ್ತದೆ. ಡ್ರಮ್ಮಿನ ಕೋಲನ್ನೂ ಹಾಗೆಯೇ ಬೀಸಬೇಕಿತ್ತು. ಬಲಗೈ ಒತ್ತಿನ ಪೆಟ್ಟಿಗೆ ಇಳಿದ ಕೂಡಲೇ ಎಡಗೈ ಮೇಲೇಳುತ್ತಲೇ ಡ್ರಮ್ಮಿನ ಚರ್ಮವನ್ನು ಮೆಲ್ಲಗೆ ತಾಕಿ, ತನ್ನ ಸರದಿಯ ಒತ್ತಿಗೆ ಸಿದ್ಧವಾಗಬೇಕು.

"ಇಷ್ಟು ದಿನ ಕಲ್ತದ್ದೆಲ್ಲಾ ಬಿಡಬೇಕೇನ್ರಿ, ಸರ್ರ?"

"ಪಾಠ ಅದ ಐತಿ, ತಂಗಿ. ಕೈ ಅಷ್ಟ ಬ್ಯಾರೆ."

ಮೊದಲಿಗೆ ಎಲ್ಲವೂ ಕೆಟ್ಟಿತು. ವೇಗ ಹೋಯಿತು, ಪೆಟ್ಟುಗಳು ಒಂದರ ಮೇಲೊಂದು ಬಿದ್ದವು. ಒಂದು ದಿನ ಅವಳು ಕೋಲು ಕೆಳಗಿಟ್ಟು, "ಮೊದಲ ಬರ್ತಿದ್ದದ್ದೂ ಈಗ ಬರವಲ್ದು," ಎಂದು ಕಣ್ಣೊರೆಸಿಕೊಂಡಳು. ನನಗೂ ಭಯವಾಯಿತು. ಆದರೂ ಹಳೆಯ ರೀತಿಗೆ ಮರಳಲು ಬಿಡಲಿಲ್ಲ. ಪ್ಯಾರಾಡಿಡಲ್ ಪಕ್ಕಕ್ಕಿಟ್ಟು, ಕೈ ಏಳುವುದು, ಕೈ ಬೀಳುವುದು, ಇಷ್ಟನ್ನೇ ನಿಧಾನವಾಗಿ ಮಾಡಿಸಿದೆ. ಕೆಲವು ದಿನಗಳಲ್ಲಿ ಅವಳ ಭುಜ ಸಡಿಲವಾಯಿತು. ಆಮೇಲೆ ಒಂದು ಬೆಳಿಗ್ಗೆ ಡ್ರಮ್ಮಿನ ನಾದವೇ ಬೇರೆಯಾಗಿ ಕೇಳಿಸಿತು. ಗಟ್ಟಿಯಾಗಿತ್ತು, ಆದರೆ ಒರಟಾಗಿರಲಿಲ್ಲ. ಅವಳೇ ಬೆರಗಾಗಿ ನನ್ನ ಮುಖ ನೋಡಿದಳು.

ಪರೀಕ್ಷೆಯ ದಿನ ಅವಳ ತಂದೆ ಮತ್ತು ನಾನು ಕಿಟಕಿಯ ಹೊರಗೆ ನಿಂತಿದ್ದೆವು. ಪರೀಕ್ಷಕರು ವೇಗ ಏರಿಸಲು ಹೇಳಿದರು, ಮತ್ತೆ ಏರಿಸಲು ಹೇಳಿದರು. ಅವಳಿಗಿಂತ ಮುಂಚೆ ಹೋದವರ ಒತ್ತು ಆ ವೇಗಕ್ಕೆ ಬಂದಾಗ ಸೋತಿತ್ತು. ಅವಳದು ಸೋಲಲಿಲ್ಲ.

"ಸಾಕೇನಮ್ಮಾ?" ಎಂದರು ಪರೀಕ್ಷಕರು.

"ಇನ್ನೂ ನಡೀತೈತ್ರಿ," ಎಂದಳು ರೇಣುಕಾ, ಕೈ ನಿಲ್ಲಿಸದೆ.

ಹೊರಗೆ ಬಂದವಳ ಮಣಿಕಟ್ಟನ್ನು ತಂದೆ ಒತ್ತಿ ನೋಡಿದರು. ಬಾವು ಇರಲಿಲ್ಲ. ಆಯ್ಕೆಯ ಸುದ್ದಿ ಆಮೇಲೆ ಬಂತು. ನಾನು ಗೆದ್ದದ್ದು ಮಾತ್ರ ಬಾವಿಲ್ಲದ ಆ ಮಣಿಕಟ್ಟನ್ನು ಕಂಡ ಕ್ಷಣದಲ್ಲೇ.

ಸೇನೆಯಲ್ಲಿ ಎಷ್ಟೋ ಪರೇಡುಗಳಲ್ಲಿ ನುಡಿಸಿದ್ದೇನೆ. ಆ ಕಿಟಕಿಯ ಹೊರಗೆ ನಿಂತಾಗ ಆದಷ್ಟು ಹೆಮ್ಮೆ ಯಾವ ಪರೇಡಿನಲ್ಲೂ ಆಗಿರಲಿಲ್ಲ. ಹೊಸದು ಮೈಗೂಡುವ ಮೊದಲು ಕಲಿಯುವವರ ಕೈ ಒಮ್ಮೆ ಕೆಡುತ್ತದೆ. ಆಗ ಧೈರ್ಯಗೆಡದೆ ಅವರ ಪಕ್ಕದಲ್ಲಿ ಕೂತಿರುವುದೇ ಕಲಿಸುವವನ ಅರ್ಧ ಕೆಲಸ.