ಕೂರಬಾರದು, ನಡೆಯಬಹುದು

ಇಟಲಿಯಲ್ಲಿ ಎರಡು ವರ್ಷ ಓದಿ ಬಂದವಳು ನಾನು. ಅಲ್ಲಿದ್ದಷ್ಟು ಕಾಲ ರಜೆ ಸಿಕ್ಕಾಗಲೆಲ್ಲ ಊರೂರು ಸುತ್ತಿದೆ. ಆದರೆ ಒಂದು ಸಲವೂ ಹೋಟೆಲಿನ ಕುರ್ಚಿಯಲ್ಲಿ ಕೂತು ಉಣ್ಣಲಿಲ್ಲ. ಬುತ್ತಿ ಕಟ್ಟಿಕೊಂಡೇ ಯುರೋಪು ನೋಡಿದೆ. ಗೌರಿಬಿದನೂರಿನ ನಮ್ಮ ದೊಡ್ಡಮ್ಮನಿಗೆ ಇದನ್ನು ಹೇಳಿದಾಗ ಅವರು ಅತ್ತಿತ್ತ ನೋಡಿ, ಯಾರೂ ಕೇಳಿಸಿಕೊಂಡಿಲ್ಲವೆಂದು ಖಾತ್ರಿ ಮಾಡಿಕೊಂಡು, "ಇದನ್ನ ಗಂಡಿನ ಕಡೆಯೋರ ಮುಂದೆ ಹೇಳ್ಬೇಡಮ್ಮ" ಅಂದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಗಂಡಿನ ಕಡೆಯವರು ಪ್ರಬಂಧ ಓದುವುದಿಲ್ಲ ಎಂಬ ಧೈರ್ಯದಿಂದಲ್ಲ, ಓದಲಿ ಎಂದೇ.

ಹಿರಿಯರು ದೇಶ ಸುತ್ತು, ಕೋಶ ಓದು ಎಂದರು. ಯಾವ ಸೀಟಿನಲ್ಲಿ ಕೂತು ಸುತ್ತಬೇಕು ಎಂದು ಹೇಳಲಿಲ್ಲ. ಹಿಂದಿನ ಕಾಲದಲ್ಲಿ ಕಾಶಿಗೆ ಹೊರಟವರು ಬುತ್ತಿ ಗಂಟು ಹೊತ್ತು, ಛತ್ರದ ಜಗಲಿಯಲ್ಲಿ ಮಲಗಿ, ಹೊಳೆಯ ನೀರು ಕುಡಿದು ಹೋಗಿ ಬಂದರು. ಮರಳಿ ಬಂದಾಗ ಊರವರು ಅವರ ಕಾಲಿಗೆ ಬಿದ್ದರೇ ಹೊರತು ಜಿಪುಣರು ಎನ್ನಲಿಲ್ಲ. ಅದೇ ಕೆಲಸವನ್ನು ಬೆನ್ನಿಗೆ ಬ್ಯಾಗು ಹಾಕಿಕೊಂಡ ವಿದ್ಯಾರ್ಥಿನಿ ಮಾಡಿದರೆ ಮಾತ್ರ ಮನೆತನದ ಮರ್ಯಾದೆ ಹೋಗುತ್ತದಂತೆ. ಈ ನ್ಯಾಯ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಈ ವಿದ್ಯೆಯಲ್ಲಿ ನನ್ನ ಜೊತೆಗಾತಿ ಫರ್ಹಾನಾ. ಶಿಡ್ಲಘಟ್ಟದವಳು, ರೇಷ್ಮೆ ನೂಲು ತೆಗೆಯುವವರ ಮನೆಯ ಹುಡುಗಿ. ಒಂದೇ ಜಿಲ್ಲೆಯವರಾದರೂ ಊರಲ್ಲಿ ನಾವು ಪರಸ್ಪರ ಮುಖ ನೋಡುವ ಸಂಭವ ಇರಲಿಲ್ಲ. ಸಮುದ್ರ ದಾಟಿ ಹೋಗಿ ಒಂದೇ ರೂಮಿಗೆ ಬಿದ್ದೆವು. ಮನೆಗೆ ಫೋನ್ ಮಾಡಿದರೆ ಅವಳದು ಉರ್ದು, ನನ್ನನ್ನು ಬೈಯುವಾಗ ಕನ್ನಡ. ಪ್ರವಾಸದ ಖರ್ಚಿನ ಮಾತು ಬಂದರೆ ಮಾತ್ರ, ಯಾಕೋ, ಇಬ್ಬರಿಗೂ ತೆಲುಗು ಬರುತ್ತಿತ್ತು. ವೇಗದ ರೈಲುಗಳನ್ನು ಅವಳು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಹಳ್ಳಿಹಳ್ಳಿಗೂ ನಿಲ್ಲುವ ಪ್ಯಾಸೆಂಜರ್ ಗಾಡಿಯೇ ಆಗಬೇಕು. "ಬೇಗ ಹೋಗೋರಿಗೆ ಊರು ಕಾಣಲ್ಲ ಕಣೇ" ಎನ್ನುತ್ತಿದ್ದಳು. ಕೈಯಲ್ಲಿ ಕಾಸಿಲ್ಲದವರ ತತ್ವ ಎಂದು ನೀವು ನಗಬಹುದು. ಜಗತ್ತಿನ ಎಷ್ಟು ತತ್ವಗಳು ಹಾಗೆಯೇ ಹುಟ್ಟಿದವೋ ಯಾರಿಗೆ ಗೊತ್ತು.

ಒಂದು ಭಾನುವಾರ ಬೆಟ್ಟದ ಮೇಲಿನ ಹಳೆಯ ಪಟ್ಟಣವೊಂದಕ್ಕೆ ಹೋದೆವು. ಕೆಳಗಿನ ಸ್ಟೇಷನ್ನಿನಲ್ಲಿ ನಮ್ಮ ಕ್ಲಾಸಿನ ರಿಯಾ ಮತ್ತು ಅವಳ ಗೆಳತಿಯರು ಸಿಕ್ಕರು. ರಿಯಾ ದೆಹಲಿಯವಳು, ಅನುಕೂಲಸ್ಥರ ಮಗಳು. ತುಂಬಾ ಒಳ್ಳೆಯವಳು, ಅವಳಲ್ಲಿದ್ದ ತೊಂದರೆ ಅದೊಂದೇ. ಮೇಲೆ ಹೋಗಲು ಪುಟ್ಟ ರೈಲೊಂದಿತ್ತು. "ನಿಮ್ಮಿಬ್ಬರ ಟಿಕೆಟ್ ನಾನೇ ತಗೊಳ್ತೀನಿ, ಬನ್ನಿ" ಎಂದಳು. ಫರ್ಹಾನಾ, "ಬೇಡ, ನಾವು ಸ್ಕಂದಗಿರಿ ಹತ್ತಿದೋರು" ಎಂದಳು. ನಮ್ಮ ಜಿಲ್ಲೆಯ ಆ ಬೆಟ್ಟವನ್ನು ರಿಯಾ ಹಿಮಾಲಯದ ಯಾವುದೋ ಶಿಖರವೆಂದು ತಿಳಿದು ಗೌರವದಿಂದ ತಲೆಯಾಡಿಸಿದಳು.

ನಾವು ಏದುಸಿರು ಬಿಡುತ್ತಾ ಮೇಲೆ ತಲುಪಿದಾಗ ಹೊಟ್ಟೆ ಚುರುಗುಡುತ್ತಿತ್ತು. ದೊಡ್ಡ ಚೌಕ, ನಡುವೆ ಕಾರಂಜಿ, ಒಂದು ಬದಿಗೆ ಚರ್ಚಿನ ಅಗಲವಾದ ಮೆಟ್ಟಿಲುಗಳು. ಅಲ್ಲಿ ಕೂತು ಡಬ್ಬಿ ತೆಗೆದೆವು. ಹುಣಸೆ ಗೊಜ್ಜು ಕಲಸಿದ ಅನ್ನ, ಮೇಲೆ ಹುರಿದ ಕಡಲೆಕಾಯಿ ಬೀಜ. ಒಂದು ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಸಮವಸ್ತ್ರದ ಹೆಂಗಸೊಬ್ಬಳು ಬಂದು ನಿಂತು ಬೋರ್ಡು ತೋರಿಸಿದಳು. ಅಲ್ಲಿ ಕೂತು ತಿನ್ನುವಂತಿಲ್ಲ, ತಿಂದರೆ ದಂಡ.

ಎದ್ದೆವು. ಚೌಕದಲ್ಲಿ ಒಂದೂ ಕಲ್ಲುಬೆಂಚು ಇರಲಿಲ್ಲ. ಇದ್ದವೆಲ್ಲ ಹೋಟೆಲಿನ ಕುರ್ಚಿಗಳು. ಆ ದೇಶದಲ್ಲಿ ಎಷ್ಟೋ ಕಡೆ ನಿಂತು ಕುಡಿದರೆ ಕಾಫಿಗೆ ಒಂದು ಬೆಲೆ, ಕೂತು ಕುಡಿದರೆ ಇನ್ನೊಂದು. ನಮ್ಮ ದರ್ಶಿನಿಯವರು ಕುರ್ಚಿಯನ್ನೇ ಇಡದೆ ಈ ಭೇದವನ್ನು ನಿವಾರಿಸಿದ್ದಾರೆ. ಸಮಾನತೆಯ ಬಗ್ಗೆ ಭಾಷಣ ಮಾಡುವವರು ಇದನ್ನು ಗಮನಿಸಬೇಕು.

ಅಂಥ ಕುರ್ಚಿಯೊಂದರಲ್ಲಿ ಕೂತು ರಿಯಾ ಎಲ್ಲವನ್ನೂ ನೋಡಿದ್ದಳು. "ಇಲ್ಲಿ ಬನ್ನಿ, ಬಿಲ್ ನಾನು ಕೊಡ್ತೀನಿ" ಎಂದು ಕೂಗಿ ಕೈಬೀಸಿದಳು. ಅಕ್ಕಪಕ್ಕದವರೆಲ್ಲ ತಿರುಗಿ ನಮ್ಮನ್ನೂ ನಮ್ಮ ಡಬ್ಬಿಯನ್ನೂ ನೋಡಿದರು. ಫರ್ಹಾನಾಳ ಕಣ್ಣಲ್ಲಿ ನೀರು ತುಂಬಿತು. ಅವಳು ಅಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಹೋಗಣವಾ?" ಎಂದೆ. ಮಾತಾಡಿದ್ದು ನಾನಲ್ಲ, ನನ್ನ ಹಸಿವು.

"ನೀನು ಹೋಗಮ್ಮ, ನಾನು ಬರಲ್ಲ. ಕೈಯಲ್ಲಿ ಅನ್ನ ಇಟ್ಕೊಂಡು ಇನ್ನೊಬ್ರ ಟೇಬಲ್‌ಗೆ ಯಾಕೆ ಹೋಗ್ಬೇಕು?"

ಅದನ್ನು ಕೇಳಿ ನನಗೂ ರೋಷ ಬಂತು. ಸಮವಸ್ತ್ರದವಳ ಹತ್ತಿರ ಹೋಗಿ ನನ್ನ ಹರಕು ಇಟಾಲಿಯನ್ನಿನಲ್ಲಿ, "ಕೂತು ತಿನ್ನಬಾರದು, ಸರಿ. ನಡೆಯುತ್ತಾ ತಿನ್ನಬಹುದೇ?" ಎಂದು ಕೇಳಿದೆ. ಅವಳು ಬೋರ್ಡಿನ ಕಡೆ ತಿರುಗಿ, ಮೊದಲ ಸಲ ಓದುವವಳಂತೆ ಓದಿದಳು.

"ನಡೆಯಬಾರದು ಅಂತ ಬರೆದಿಲ್ಲ" ಎಂದಳು.

"ಬಾರೇ, ಪ್ರದಕ್ಷಿಣೆ ಹಾಕಣ" ಎಂದು ಫರ್ಹಾನಾಳನ್ನು ಕರೆದೆ.

"ನಂಗೆಲ್ಲಿ ಬರುತ್ತೆ ಅದು?"

"ಕಾರಂಜಿ ಬಲಗಡೆ ಇರ್ಬೇಕು. ಅಷ್ಟೇ."

ಹೊರಟೆವು. ಡಬ್ಬಿ ಅವಳ ಕೈಯಲ್ಲಿ. ಒಂದು ತುತ್ತು ಅವಳಿಗೆ, ಒಂದು ತುತ್ತು ನನಗೆ. ಮೊದಲ ಸುತ್ತಿನಲ್ಲಿ ನಾನು ನೆಲ ಬಿಟ್ಟು ಬೇರೇನೂ ನೋಡಲಿಲ್ಲ. ಮುಂದಿನ ಸುತ್ತಿಗೆ ಫರ್ಹಾನಾ ಕಣ್ಣೊರೆಸಿಕೊಂಡು ತಲೆಯೆತ್ತಿದಳು. ಅಷ್ಟರಲ್ಲಿ ಹಿಂದೆ ಯಾರೋ ಬಂದಂತಾಯಿತು. ನಮ್ಮಂತೆಯೇ ಮೆಟ್ಟಿಲಿಂದ ಎಬ್ಬಿಸಲ್ಪಟ್ಟ, ಕಾಗದದಲ್ಲಿ ಸುತ್ತಿದ ಬ್ರೆಡ್ಡು ಹಿಡಿದ ಮುದುಕ ಮುದುಕಿಯರು. ನಮ್ಮನ್ನು ನೋಡಿ ನಕ್ಕು, ತಿನ್ನುತ್ತಾ ಹಿಂಬಾಲಿಸಿದರು. ಆಮೇಲೆ ಹೆಗಲ ಮೇಲೆ ಮಗು ಕೂರಿಸಿಕೊಂಡ ಅಪ್ಪ. ಮಗುವಿನ ಕೈಯಲ್ಲಿ ಬಾಳೆಹಣ್ಣು. ಆಮೇಲೆ ಯಾವುದೋ ದೇಶದ ಬಡ ವಿದ್ಯಾರ್ಥಿಗಳ ಗುಂಪು. ಯಾರಿಗೂ ಯಾರ ಭಾಷೆಯೂ ಬರುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ತುತ್ತು ಇದ್ದುದರಿಂದ ಮಾತಿನ ಅಗತ್ಯವೂ ಬೀಳಲಿಲ್ಲ.

ಸಮವಸ್ತ್ರದವಳು ಸೊಂಟದ ಮೇಲೆ ಕೈಯಿಟ್ಟು ಬಿಗಿದುಕೊಂಡು ನಿಂತಿದ್ದಳು. ಅವಳ ಮುಂದೆ ಹಾದುಹೋಗುವಾಗ ಫರ್ಹಾನಾ ಡಬ್ಬಿ ಚಾಚಿ, "ಒಂದು ತುತ್ತು ತಗೊಳ್ಳಿ" ಎಂದು ಅಚ್ಚ ಕನ್ನಡದಲ್ಲಿ ಉಪಚರಿಸಿದಳು. ಆಕೆ ತಲೆಯಲ್ಲಾಡಿಸಿ ಗೋಡೆಯ ಕಡೆ ತಿರುಗಿಕೊಂಡಳು. ಅವಳ ಭುಜಗಳು ಕುಲುಕುತ್ತಿದ್ದವು. ಡಬ್ಬಿ ಬರಿದಾಗುವವರೆಗೆ ಸುತ್ತಿದೆವು. ಅಷ್ಟು ರುಚಿಯಾದ ಹುಣಸೆ ಅನ್ನ ನಾನು ಮತ್ತೆ ಉಂಡಿಲ್ಲ.

ಮರುದಿನ ರಿಯಾ ಕ್ಲಾಸಿನಲ್ಲಿ ತನ್ನ ಫೋಟೋಗಳನ್ನು ತೋರಿಸಿದಳು. ಚರ್ಚು ಇದೆ, ಪಕ್ಕದಲ್ಲಿ ನಾವಿದ್ದೇವೆ. ಕಾರಂಜಿ ಇದೆ, ಅದರಾಚೆ ನಾವು ತುತ್ತು ಎತ್ತುತ್ತಿದ್ದೇವೆ. ಅವಳು ಮುಗುಳ್ನಗುತ್ತಾ ತೆಗೆದುಕೊಂಡ ಸೆಲ್ಫಿಯಲ್ಲೂ ಹಿಂದೆ ನಮ್ಮ ಮೆರವಣಿಗೆ. ಅಷ್ಟು ಬೆಲೆ ತೆತ್ತು ಕೂತು ಅವಳು ನೋಡಿದ ನೋಟವೆಂದರೆ ನಾವೇ.

"ನಿಮಗೆ ಬೇಜಾರಾಗುವುದಾದರೆ ನಿಮ್ಮನ್ನು ಅಳಿಸುತ್ತೇನೆ, ಅದಕ್ಕೆ ಆ್ಯಪ್ ಇದೆ" ಎಂದಳು ಆ ಒಳ್ಳೆಯ ಹುಡುಗಿ.

"ಇರ್ಲಿ ಬಿಡು" ಎಂದಳು ಫರ್ಹಾನಾ. "ನಮ್ದೊಂದು ಕಾಪಿ ಕಳ್ಸು. ಶಿಡ್ಲಘಟ್ಟದಲ್ಲಿ ಫ್ರೇಮ್ ಹಾಕಿಸ್ತೀನಿ."