ಅರಿಶಿನದ ದಿನ ಅತ್ತ ಬಾಕ್ಸು

ಹೊಸನಗರದ ಬಸ್ ನಿಲ್ದಾಣ ಬಿಟ್ಟು ಸಾಗರದ ಕಡೆ ಸ್ವಲ್ಪ ನಡೆದರೆ ಟಯರಿನ ಅಂಗಡಿಯ ಪಕ್ಕ ಉಮೇಶನ ಸೌಂಡ್ಸ್. ಮುಂದೆ ಸ್ಪೀಕರ್ ಬಾಕ್ಸುಗಳ ಕೋಣೆ, ಹಿಂದೆ ಸಂಸಾರ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕಿನಲ್ಲಿ ಡಿಜೆ ಸೆಟ್ ಇಟ್ಟವರಿಗೆ ಬರಗಾಲವೇನೂ ಇರಲಿಲ್ಲ. ಆದರೂ ಮದುವೆಗೆ ಉಮೇಶನ ಸೆಟ್ಟೇ ಆಗಬೇಕು ಅಂತ ಹಠ ಹಿಡಿಯುವ ಮನೆಗಳಿದ್ದವು. ಬೇರೆಯವರು ಸಿನಿಮಾ ಹಾಡಿಗೆ ದಡಬಡ ಸೇರಿಸಿ ಒಗೆಯುತ್ತಿದ್ದರು. ಉಮೇಶ ಹಾಕುವುದು ಮೆಷಿನ್ನಿನಲ್ಲೇ ಹುಟ್ಟಿದ ಸಂಗೀತ. ಯಾವುದೋ ದೇಶದಲ್ಲಿ ಯಾರೋ ಒಬ್ಬರೇ ಕೂತು ಮಾಡಿದ್ದು. ಅದಕ್ಕೆ ಮಾತಿಲ್ಲ, ಕತೆಯಿಲ್ಲ, ಆದರೆ ಕಂಬಕ್ಕೆ ಒರಗಿ ಕೂತವರೂ ಎಲೆಯಡಿಕೆ ಉಗಿದು ಎದ್ದು ಬರುತ್ತಿದ್ದರು.

ಅದನ್ನೆಲ್ಲ ಅವನು ಆರಿಸುತ್ತಿದ್ದುದು ಇಂಟರ್ನೆಟ್ಟಿನ ದೊಡ್ಡ ಅಂಗಡಿಯಿಂದ. ಅಲ್ಲಿ ಹಾಡು ಲಕ್ಷಗಟ್ಟಲೆ. ದಿನ ಬೆಳಗಾದರೆ ಇನ್ನಷ್ಟು ಬಂದು ಬೀಳುತ್ತವೆ. ಅವನ ಹೆಂಡತಿ ಕುಮುದಾ ಪಕ್ಕದಲ್ಲಿ ಕೂತು ಬೀನ್ಸಿನ ನಾರು ತೆಗೆಯುತ್ತಾ ಅವನ ಮಾತಿಗೆ ಹೂಂಗುಡುತ್ತಿದ್ದಳು.

"ಮೊದ್ಲ ಪುಟದಲ್ಲಿ ಇಟ್ಟಿದ್ದನ್ನ ಮುಟ್ಟಲೇಬಾರ್ದು ಕಣೆ. ಎಲ್ರೂ ತಗೊಂಡಿದಾರೆ ಅಂತ ಎಲ್ರೂ ತಗೊಳ್ಳೋ ಸರಕು ಅದು."

"ಮತ್ತೆ ಹ್ಯಾಗೆ ಹುಡ್ಕೋದು?"

"ಒಂದು ಒಳ್ಳೇದು ಸಿಕ್ತು ಅನ್ಕೋ. ಅದನ್ನ ಯಾವ ಸಣ್ಣ ಕಂಪ್ನಿ ಬಿಟ್ಟಿದೆ ನೋಡ್ಬೇಕು. ಆ ಕಂಪ್ನಿಯ ಹಳೇದೆಲ್ಲ ಕೆದಕ್ಬೇಕು. ಮಾಡ್ದವ ಯಾರು, ಅವ ಮತ್ಯಾರ ಜೊತೆ ಮಾಡಿದಾನೆ. ಬೇರು ಹಿಡ್ಕೊಂಡು ಹೋದ ಹಾಗೆ."

ಕೊಳ್ಳುವಾಗಲೂ ದನಿ ಹಿಂಡಿ ಸಣ್ಣದು ಮಾಡಿದ ಹಗುರದ ಫೈಲು ಕೊಳ್ಳುತ್ತಿರಲಿಲ್ಲ. ಮೊಬೈಲಿನಲ್ಲಿ ಗೊತ್ತಾಗುವುದಿಲ್ಲ, ದೊಡ್ಡ ಬಾಕ್ಸಿಗೆ ಹಾಕಿದರೆ ಒಳಗಿನ ಟೊಳ್ಳು ಕಾಣುತ್ತದೆ ಅನ್ನುತ್ತಿದ್ದ. ಅಂಗಡಿಯವರು ಹಾಡಿನ ನಡುವಿನ ಒಂದು ತುಂಡನ್ನು ಮಾತ್ರ ಕೇಳಿಸುತ್ತಾರೆ. ಆ ತುಂಡಿನಲ್ಲೇ ಇಡೀ ಹಾಡಿನ ಗುಣ ಹೇಳುತ್ತಿದ್ದ ಅವನು, ಮೊದಲು.

ಮೊದಲು ಅಂದರೆ ಕಿವಿ ನೆಟ್ಟಗಿದ್ದಾಗ. ವರ್ಷಗಟ್ಟಲೆ ಬಾಕ್ಸಿನ ಬಾಯಿಗೆ ನಿಂತವನ ಕಿವಿ ಒಂದೇ ಸಲಕ್ಕೆ ಹೋಗಲಿಲ್ಲ. ಮೇಲಿನ ಸಣ್ಣ ದನಿಗಳಿಂದ ಸವೆಯುತ್ತಾ ಬಂತು. ಕುಕ್ಕರ್ ಮೂರು ಸಲ ಕೂಗಿ ಸುಮ್ಮನಾದ ಮೇಲೆ "ಇನ್ನೂ ಕೂಗ್ಲಿಲ್ವಲ್ಲೇ" ಅಂದ ದಿನವೇ ಕುಮುದಾಳಿಗೆ ಗೊತ್ತಾಗಿಹೋಗಿತ್ತು. ಗಂಡಸರ ದಪ್ಪ ಮಾತು ಅವನಿಗೆ ಕೇಳುತ್ತಿತ್ತು. ಹೆಂಗಸರದ್ದು, ಮಕ್ಕಳದ್ದು, ಹಕ್ಕಿಯದ್ದು ಹೋಗಿತ್ತು. ಅವಳು ಏನೂ ಅನ್ನಲಿಲ್ಲ. ತನ್ನ ದನಿಯನ್ನೇ ಕೆಳಗಿಳಿಸಿಕೊಂಡಳು. ಮನೆಯಲ್ಲಿ ಗಂಟಲಿನಿಂದ ದಪ್ಪಗೆ ಮಾತಾಡುವುದು ರೂಢಿಯಾಗಿ, ಹಾಲು ತರಲು ಹೋದಾಗ ಅಲ್ಲಿಯೂ ಹಾಗೇ ಮಾತಾಡಿ, "ಶೀತ ಇನ್ನೂ ಬಿಟ್ಟಿಲ್ವೇನೇ?" ಅಂತ ಕೇಳಿಸಿಕೊಂಡಳು. ಹೂಂ ಅಂದಳು.

ಅವನೂ ಹೇಳಲಿಲ್ಲ. ಡಿಜೆಯವನಿಗೆ ಕಿವಿ ಹೋಗಿದೆ ಅನ್ನುವ ಸುದ್ದಿ ಹೊರಬಿದ್ದರೆ ಮಾರನೆಯ ದಿನದಿಂದ ಯಾರೂ ಕರೆಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಮೂರು ತಾಲ್ಲೂಕಿನಲ್ಲಿ ಸಂಗೀತ ಕೇಳುವುದು ಗೊತ್ತಿದ್ದವನು ಇವನೊಬ್ಬನೇ ಅನ್ನಿಸಿಕೊಂಡಿದ್ದ. ಆ ಹೆಸರೊಂದು ಹೋದರೆ ಮತ್ತೇನೂ ಉಳಿಯುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು. ಅಂಗಡಿಯಲ್ಲಿ ಹಾಡು ಹುಡುಕುವುದನ್ನು ಮಾತ್ರ ಅವನು ಬಿಡಲಿಲ್ಲ. ಬಾಕ್ಸಿನ ಹಲಗೆಯ ಮೇಲೆ ಅಂಗೈ ಇಟ್ಟು, ನಡುಗುವ ನಡುಕದಲ್ಲೇ ಒಳ್ಳೆಯದು ಕೆಟ್ಟದ್ದು ನೋಡಿ ಕೊಳ್ಳುತ್ತಿದ್ದ. ಹಾಗೆ ನಡೆಯುತ್ತಿತ್ತು. ಕುಮುದಾಳಿಗೆ ಮೊದಮೊದಲು ಸಂಕಟವಾದದ್ದು ಉಂಟು. ಆಮೇಲೆ ಅದೂ ಹೋಯಿತು.

ಅರಳಸುರಳಿಯ ಹತ್ತಿರ ಕುಮುದಾಳ ದೊಡ್ಡಮ್ಮನ ಮಗಳು ವರದಾಳ ಮನೆ. ವರದಾಳ ಮಗಳು ಬಿಂದುವಿನ ಮದುವೆ ನಿಶ್ಚಯವಾಯಿತು. ಹಿಂದಿನ ದಿನ ಮಧ್ಯಾಹ್ನ ಅರಿಶಿನ ಶಾಸ್ತ್ರ. ಈಗಿನ ಕಾಲದ ಹುಡುಗಿಯರಿಗೆ ಅರಿಶಿನ ಹಚ್ಚುವಾಗ ಡಿಜೆ ಇಲ್ಲದೆ ಆಗುವುದಿಲ್ಲ. ಬಿಂದು ಮೆಸೇಜು ಹಾಕಿ, "ಚಿಕ್ಕಪ್ಪ, ಎಲ್ರೂ ಹಾಕೋದು ಬ್ಯಾಡ, ಹೊಸ ಥರದ್ದು ತನ್ನಿ" ಅಂದಿದ್ದಳು. ಉಮೇಶ ವಾರವಿಡೀ ಕೆದಕಿ, ಒಂದು ಸಿಕ್ಕಿತೆಂದು ಖುಷಿಯಲ್ಲಿದ್ದ. "ಇದರ ಬುಡ ನೋಡೇ, ಎಷ್ಟು ಗಟ್ಟಿ!" ಅಂತ ಅವಳ ಕೈಯನ್ನೂ ಹಲಗೆಯ ಮೇಲಿಡಿಸಿದ್ದ. ಗಟ್ಟಿಯಾಗಿಯೇ ಇತ್ತು. ಪೂರ್ತಿ ಹಾಕಿ ಕೇಳಿರಲಿಲ್ಲ ಇಬ್ಬರೂ.

ವರದಾಳ ಮಾವ ಜಟ್ಟಿಂಗಪ್ಪ ಹಾಸಿಗೆ ಹಿಡಿದು ಕೆಲವು ತಿಂಗಳಾಗಿತ್ತು. ಮದುವೆ ಮುಗಿಯುವ ತನಕ ಇದ್ದರೆ ಸಾಕು ಅಂತ ಮನೆಯವರು ಒಳಗೊಳಗೇ ಅಂದುಕೊಂಡಿದ್ದರು. ಊರಿನವರು ಹೊರಗೂ ಅಂದಿದ್ದರು.

ಬಿಂದುವನ್ನು ಮಣೆಯ ಮೇಲೆ ಕೂರಿಸಿ ಅರಿಶಿನ ಹಚ್ಚುತ್ತಿದ್ದರು. ಬಾಕ್ಸುಗಳ ಬಾಯಿ ಗದ್ದೆಯ ಕಡೆಗಿತ್ತು. ಉಮೇಶ ಹೊಸ ಹಾಡು ಬಿಟ್ಟ. ಹುಡುಗಿಯರು ಕುಣಿದರು. ಸ್ವಲ್ಪ ಹೊತ್ತಿಗೆ ಬುಡದ ಬಡಿತದ ಮೇಲೆ ಒಂದು ಹೆಂಗಸಿನ ದನಿ ಎದ್ದಿತು. ಮಾತಿಲ್ಲ, ಬರೀ ಅಳು. ಎದೆ ಒಡೆದು ಎಳೆದೆಳೆದು ಅಳುವುದು. ಅದೇ ಅಳು ಮತ್ತೆ ಮತ್ತೆ ಬಂದು, ಒಂದಕ್ಕೊಂದು ಸೇರಿ, ಹತ್ತು ಹೆಂಗಸರು ಅತ್ತ ಹಾಗಾಯಿತು. ಕುಣಿಯುತ್ತಿದ್ದವರು ನಿಂತರು. ಬಿಂದುವಿನ ಕೆನ್ನೆಯ ಮೇಲಿದ್ದ ಕೈ ಅಲ್ಲೇ ನಿಂತಿತು.

ಈ ಕಡೆಯ ಊರುಗಳಲ್ಲಿ ಒಂದು ಮನೆಯಿಂದ ಹೆಂಗಸಿನ ಅಳು ಎದ್ದರೆ ಏನು, ಎತ್ತ ಅಂತ ಯಾರೂ ಕೇಳುತ್ತಾ ಕೂರುವುದಿಲ್ಲ. ಒಲೆಯ ಕೊಳ್ಳಿ ಹೊರಗೆಳೆದು, ಉಟ್ಟ ಸೀರೆಯಲ್ಲೇ ಓಡುತ್ತಾರೆ. ಅಂಗಳ ಮುಟ್ಟುವ ಮೊದಲೇ ಅಳು ಶುರು ಮಾಡಬೇಕು. ಒಣಗಣ್ಣಿನಲ್ಲಿ ಹೋಗುವುದು ಸತ್ತವರಿಗೆ ಮರ್ಯಾದೆಯಲ್ಲ. ಗದ್ದೆಯಾಚೆಯ ಕೇರಿಗೆ ಬಡಿತ ಮುಟ್ಟಿತ್ತೋ ಇಲ್ಲವೋ, ಅಳು ಮುಟ್ಟಿತು.

ಮೊದಲು ಬಂದವಳು ದುರ್ಗಮ್ಮ. ಅವಳ ಹಿಂದೆ ಗದ್ದೆಯ ಅಂಚಿನ ಮೇಲೆ ಸಾಲಾಗಿ ಆ ಕೇರಿಯ ಹೆಂಗಸರು. ದುರ್ಗಮ್ಮ ಚಪ್ಪರ ನೋಡಲಿಲ್ಲ, ಮಾವಿನ ತೋರಣ ನೋಡಲಿಲ್ಲ. ಎದೆ ಹೊಡೆದುಕೊಳ್ಳುತ್ತಾ ಸೀದಾ ಜಗುಲಿ ಹತ್ತಿದಳು.

"ಅಯ್ಯಯ್ಯೋ ಜಟ್ಟಿಂಗಣ್ಣಾ, ನಾಳೆ ಒಂದು ದಿನ ತಡ್ಕೊಳ್ಳೋಕೆ ಆಗ್ಲಿಲ್ವೇನೋ! ಮೊಮ್ಮಗಳ ಧಾರೆ ಕಣ್ತುಂಬ ನೋಡ್ಲಿಲ್ವಲ್ಲೋ!"

ಒಳಗಿನಿಂದ ಕ್ಷೀಣವಾಗಿ ಮಾತು ಬಂತು. "ಯಾರೇ ಅದು ದುರ್ಗಿನಾ? ಯಾರು ಹೋದ್ರು?"

ದುರ್ಗಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು ಬಗ್ಗಿ ನೋಡಿದಳು. "ನೀನೇ ಮಾರಾಯ!"

"ನಾನಾ? ನಂಗೊಂದು ಮಾತು ಹೇಳ್ಲಿಲ್ವಲ್ಲ ಯಾರೂ." ಮುದುಕ ಕೆಮ್ಮಿದ. "ಬಂದಿದ್ದು ಬಂದಿ. ಹೋಳಿಗೆ ಮಾಡಿದಾರಂತೆ, ತಿಂದ್ಕೊಂಡು ಹೋಗು. ಆಮೇಲೆ ಇನ್ನೊಂದ್ ಸಲ ಬಂದ್ರಾಯ್ತು."

ಒಂದಿಬ್ಬರು ನಕ್ಕರು. ವರದಾ ನಗಲಿಲ್ಲ. ಮಗಳ ಅರಿಶಿನ ಬಿದ್ದ ಮೈ, ಅಂಗಳದ ತುಂಬ ಕೂದಲು ಬಿಚ್ಚಿಕೊಂಡ ಹೆಂಗಸರು, ಮೇಲೆ ಇನ್ನೂ ನಿಲ್ಲದ ಆ ಅಳು. ಅವಳು ಸೀದಾ ಬಾಕ್ಸಿನ ಹತ್ತಿರ ಹೋದಳು. ಉಮೇಶ ಕಣ್ಣು ಮುಚ್ಚಿ, ಹಲಗೆಯ ಮೇಲೆ ಅಂಗೈ ಇಟ್ಟು ನಿಂತಿದ್ದ. ಅವಳು ಅವನ ತೋಳು ಹಿಡಿದು ಅಲುಗಿಸಿದಳು.

"ಬೇಕಂತ್ಲೇ ಹಾಕಿದ್ಯೇನೋ? ಎಂಥ ದ್ವೇಷ ನಿಂಗೆ ನನ್ನ ಮಗಳ ಮೇಲೆ?"

ಉಮೇಶ ಕಣ್ಣು ಬಿಟ್ಟ. ಎದುರಿಗೆ ಜನ ಸೇರಿದ್ದಾರೆ, ಆಚೆ ಕೇರಿಯವರೂ ಬಂದಿದ್ದಾರೆ. ಅವನ ಮುಖ ಅರಳಿತು. ಹಾಡು ಹಿಡಿಸಿತು, ಇನ್ನೂ ಜೋರು ಬೇಕು ಅನ್ನುತ್ತಿದ್ದಾಳೆ ಅಂದುಕೊಂಡ. ತಲೆಯಾಡಿಸಿ ದನಿಯನ್ನು ಮೇಲಕ್ಕೆ ತಿರುಗಿಸಿದ.

ಅಳು ಗುಡ್ಡಕ್ಕೆ ಬಡಿದು ವಾಪಸು ಬಂತು.

ಕುಮುದಾ ಹೋಗಿ ಜನರೇಟರ್ ಆರಿಸಿದಳು. ಓಡಲಿಲ್ಲ, ನಡೆದೇ ಹೋದಳು. ಎಲ್ಲ ನಿಂತ ಮೇಲೆ ಅಂಗಳದಲ್ಲಿ ಯಾವುದೋ ಮಗು ಅಳುವುದಷ್ಟೇ ಕೇಳಿಸುತ್ತಿತ್ತು. ವರದಾ ಅವಳ ಕಡೆ ತಿರುಗಿದಳು.

"ಇವ್ನಿಗೆ ಎಂಥ ಬಂದಿದ್ಯೇ ಕುಮುದಾ? ತಲೆ ಕೆಟ್ಟಿದ್ಯಾ? ಕುಡಿದಿದಾನಾ?"

ಕಿವಿಯದ್ದು ಹೇಳಿಬಿಟ್ಟರೆ ಒಂದೇ ಮಾತು. ದ್ವೇಷವಲ್ಲ, ಕುಡಿತವಲ್ಲ ಅಂತ ಆಗುತ್ತದೆ. ವರದಾಳ ಸಿಟ್ಟು ಇಳಿಯುತ್ತದೆ. ಅವನು ಮಾತ್ರ ಇಷ್ಟು ಜನರ ಎದುರಿಗೆ ಏನೂ ಅಲ್ಲದವನಾಗುತ್ತಾನೆ. ಕುಮುದಾ ತನ್ನ ಹಳೆಯ ದನಿಯಲ್ಲಿ, ಮದುವೆಯಾಗಿ ಬಂದಾಗ ಇದ್ದ ಸಣ್ಣ ದನಿಯಲ್ಲಿ ಮಾತಾಡಿದಳು. ಅವನಿಗೆ ಮುಟ್ಟದ ದನಿ ಅದು.

"ಅವ್ರದ್ದೇನಿಲ್ಲ ಅಕ್ಕಾ. ಹಾಡು ಆರ್ಸಿದ್ದು ನಾನು. ಅವ್ರು ಬ್ಯಾಡ ಅಂದಿದ್ರು. ನಾನೇ ಹಠ ಮಾಡಿ ಹಾಕ್ಸಿದೆ."

"ನೀನಾ? ಕಾಯಿ ತುರಿಯೋದು ಬಿಟ್ಟು ನಿಂಗ್ಯಾಕೆ ಬೇಕಿತ್ತೇ ಈ ಸಾವಿನ ಹಾಡು? ನೆಟ್ಟಗಿದ್ದೋರ ಮನೇಲಿ ಹೀಗೆ ಮಾಡ್ತಾರಾ?"

ವರದಾ ಬೈದಳು, ದುರ್ಗಮ್ಮನೂ ಎರಡು ಮಾತು ಸೇರಿಸಿದಳು. ಓಡಿ ಬಂದಿದ್ದಕ್ಕೆ ಅವಳ ಹಿಮ್ಮಡಿಗೆ ಮುಳ್ಳು ಹೊಕ್ಕಿತ್ತು. ಕುಮುದಾ ತಲೆ ತಗ್ಗಿಸಿ ನಿಂತಳು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಬೇರೆ ಯಾರಿಗೋ ಬೈಯುವುದನ್ನು ದೂರದಿಂದ ನೋಡಿದ ಹಾಗಿತ್ತು. ಮದುಮಗಳಿಗೆ ಮತ್ತೆ ನೀರು ಹಾಕಿ, ಹೊಸದಾಗಿ ಅರಿಶಿನ ಹಚ್ಚಿದರು. ಡಿಜೆ ಇಲ್ಲದೆ.

ವಾಪಸು ಬರುವಾಗ ವ್ಯಾನಿನಲ್ಲಿ ಉಮೇಶ ಕೇಳಿದ.

"ವರದಕ್ಕ ಎಂಥ ಅಂದ್ಲು?"

ಕುಮುದಾ ಗಂಟಲಿನ ದನಿಗೆ ಇಳಿದಳು. "ಹಾಡಲ್ಲಿ ಒಬ್ಳು ಹೆಂಗ್ಸು ಅಳ್ತಿದ್ಲು."

"ಎಲ್ಲಿ?"

"ಮೇಲೆ."

ಅವನು ಗೇರು ಬದಲಿಸಿದ.

ಸುದ್ದಿ ಬಸ್ಸಿಗಿಂತ ಮುಂಚೆ ಓಡಾಡುತ್ತದೆ. ಹೊಳೆಬಾಗಿಲಿನ ಕಡೆಯಿಂದ ರಾಜೇಂದ್ರ ಅನ್ನುವವರು ತಮ್ಮನ ಮದುವೆಗೆ ಸೆಟ್ ಹೇಳಿದ್ದರು. ಅವರ ಫೋನು ಕುಮುದಾಳ ಮೊಬೈಲಿಗೇ ಬಂತು. ಕೈಯಲ್ಲಿ ಹಿಟ್ಟು ಅಂತ ಅವಳು ಸ್ಪೀಕರಿಗೆ ಹಾಕಿದ್ದಳು. ಗಂಡಸಿನ ದಪ್ಪ ದನಿ ಮನೆಯೆಲ್ಲ ಕೇಳಿತು.

"ಹಾಡು ಆರ್ಸೋದು ನೀವಂತಲ್ಲ ಅಕ್ಕಾ. ಜಟ್ಟಿಂಗಪ್ಪನೋರ್ನ ಸಾಯ್ಸಿ ಬದುಕ್ಸಿದ್ರಂತೆ. ನಮ್ಮನೇಲೂ ಅಜ್ಜಿ ಇದಾರೆ ಮಾರಾಯ್ರೆ, ಸ್ವಲ್ಪ ನೋಡ್ಕೊಂಡು ಹಾಕಿ."

ಫೋನಿಟ್ಟು ನೋಡಿದರೆ ಉಮೇಶ ಬಾಗಿಲಲ್ಲಿ ನಿಂತಿದ್ದ. "ನೀನಾ ಆರ್ಸೋದು?"

"ಹಾಗೆ ಹೇಳ್ದೆ."

ಅವನು ಬಾಕ್ಸಿನ ಕೋಣೆಗೆ ಹೋದ. ಅವಳು ರೊಟ್ಟಿ ತಟ್ಟಿ ಮುಗಿಸಿದಳು. ಆಮೇಲೆ ಅವನು ಲ್ಯಾಪ್‌ಟಾಪ್ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ಅಂಗಡಿಯ ಪುಟ ತೆರೆದು ಹೆಡ್‌ಫೋನನ್ನು ಅವಳ ತಲೆಗೆ ತಾನೇ ಹಾಕಿದ. ಒಂದು ತುಂಡು ಕೇಳಿದಳು, ಇನ್ನೊಂದು ಕೇಳಿದಳು. ಎಲ್ಲ ಒಂದೇ ಗಿರಣಿಯಿಂದ ಬಂದ ಹಿಟ್ಟಿನ ಹಾಗೆ. ಅವಳಿಗೆ ಏನೂ ಅನ್ನಿಸಲಿಲ್ಲ. ಅವನು ಅವಳ ಮುಖವನ್ನೇ ನೋಡುತ್ತಿದ್ದ.

"ಹೆಂಗಿದೆ?"

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ ನಂಗೇನು ಗೊತ್ತಾಗ್ತದೆ? ಬುಡದ್ದು ಬಿಡು, ಅದನ್ನ ನಾನು ನೋಡ್ತೀನಿ. ಮೇಲೆ ಎಂಥ ಕೇಳ್ತದೆ ಹೇಳು." ಅವನು ಕಟ್ಟೆಯ ಮೇಲೆ ಚೆಲ್ಲಿದ್ದ ಹಿಟ್ಟನ್ನು ಬೆರಳಿನಿಂದ ಒಟ್ಟು ಮಾಡಿದ. "ಮೇಲಿಂದು ನಂಗೆ ಬರೋದಿಲ್ಲ ಈಗ."

ಇಷ್ಟು ವರ್ಷ ಅವಳು ಕಾದಿದ್ದ ಮಾತು ಅದು. ಬಂದಾಗ ಅಳು ಬರುತ್ತದೆ ಅಂದುಕೊಂಡಿದ್ದಳು. ಬರಲಿಲ್ಲ. ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು.

"ಗೆಜ್ಜೆ ಥರ... ಅಲ್ಲ. ತಗಡಿನ ಮೇಲೆ ಉದ್ದಿನಕಾಳು ಸುರ್ದ ಹಾಗೆ."

"ಒಂದೇ ಸಮ ಇದ್ಯಾ?"

"ಇಲ್ಲ. ನಿಂತು ನಿಂತು ಬರ್ತದೆ."

"ಒಳ್ಳೇದು. ಮತ್ತೆ?"

"ಒಬ್ಳು ಹೆಂಗ್ಸಿದಾಳೆ."

"ಅಳ್ತಾಳಾ?"

ಅವಳು ಕಣ್ಣು ಮುಚ್ಚಿ ಕೇಳಿದಳು. ತುಂಡು ಮುಗಿಯಿತು. ಮತ್ತೆ ಹಾಕಿಸಿಕೊಂಡು ಕೇಳಿದಳು.

"ಗೊತ್ತಾಗೋದಿಲ್ಲ ಮಾರಾಯ್ರೆ. ನಗೋದೂ ಇರ್ಬಹುದು."

"ಹಾಗಾದ್ರೆ ಬ್ಯಾಡ ಬಿಡು," ಅಂದ ಉಮೇಶ. "ಮುಂದಿಂದು ಒತ್ತು."

ಅವಳು ಒತ್ತಿದಳು.